ಎರಡು ಜಾಡಿ

ಗುಂಡ್ಲುಪೇಟೆಯ ಆಸ್ಪತ್ರೆಗೆ ನಾನು ಕಿರಿಯ ಕಾಂಪೌಂಡರನಾಗಿ ಸೇರಿದ್ದು ಐವತ್ತರ ದಶಕದ ಶುರುವಿನಲ್ಲಿ. ಚಾಮರಾಜನಗರದಿಂದ ಟ್ರಂಕು ಹೊತ್ತು ಬಂದ ನನಗೆ ಹಿರಿಯ ಕಾಂಪೌಂಡರು ಮೊದಲ ದಿನವೇ ಎರಡು ಜಾಡಿ ತೋರಿಸಿದರು. ಎರಡೂ ಚಳಿಜ್ವರದ ಕ್ವಿನೈನ್ ಮಿಕ್ಸ್ಚರಿನವು.

"ಇದು ಬೆಂಚಿನ ಮೇಲೆ ಕೂರೋರ್ಗೆ, ಅದು ಜಗ್ಲಿ ಮೇಲೆ ಕೂರೋರ್ಗೆ ಕಣ್ಲಾ" ಎಂದರು.

ಬೆಂಚಿನ ಮೇಲೆ ಜಮೀನಿದ್ದವರು, ಅಂಗಡಿಯವರು. ಜಗಲಿಯ ಮೇಲೆ ಕೂಲಿಯವರು. ಜಗಲಿಯ ಜಾಡಿಯಲ್ಲಿ ಕ್ವಿನೈನ್ ಹೆಸರಿಗಷ್ಟೇ, ಉಳಿದದ್ದೆಲ್ಲ ನೀರು ಮತ್ತು ನೆಲಬೇವಿನ ಕಷಾಯ. ನಮ್ಮ ಕಡೆಯ ಜನಕ್ಕೆ ಕಹಿಯೇ ಮದ್ದಿನ ಗುರುತು. ನಾನು ಸೀಸೆಗೆ ಉಯ್ದು ಕೊಟ್ಟದ್ದನ್ನು ಅಲ್ಲೇ ಒಂದು ಗುಟುಕು ಕುಡಿದು ಮುಖ ಹಿಂಡಿಕೊಂಡು, ನಮಗೇ ಕೈಮುಗಿದು ಹೋಗುತ್ತಿದ್ದರು.

ಬರುವ ಕ್ವಿನೈನ್ ಎಲ್ಲರಿಗೂ ಸಾಲದು ಎಂಬುದು ಹಿರಿಯರ ಸಮಜಾಯಿಷಿ. ಸುಳ್ಳೇನಲ್ಲ. ಕೊರತೆಯೆಲ್ಲ ಜಗಲಿಯ ಪಾಲಿಗೇ ಏಕೆ ಎಂದು ಕೇಳುವಷ್ಟು ಎದೆ ನನಗಿರಲಿಲ್ಲ. ಕೆಲಸ ಕಲಿಸಿದವರ ಮೇಲೆ ಚಾಡಿ ಹೇಳಬಾರದು ಎಂದು ನನಗೆ ನಾನೇ ಬುದ್ಧಿ ಹೇಳಿಕೊಂಡೆ. ಹೇಡಿಗೆ ನೀತಿ ಬಲು ಬೇಗ ಹೊಳೆಯುತ್ತದೆ.

ಹಂಗಳದ ಕೂಲಿ ಹೆಂಗಸೊಬ್ಬಳು ಆರು ವರ್ಷದ ಮಗಳನ್ನು ಸೊಂಟದ ಮೇಲೆ ಹೊತ್ತು ಮೂರನೆಯ ಸಲ ಬಂದಳು. ಮಗು ಕತ್ತು ನಿಲ್ಲಿಸಲಾರದಷ್ಟು ಸೋತಿತ್ತು. ನಮ್ಮ ನರ್ಸಮ್ಮ ಅದರ ಕಣ್ಣುರೆಪ್ಪೆ ಬಿಡಿಸಿ ನೋಡಿ ತಾಯಿಯನ್ನು ಕೇಳಿದರು: "ಮದ್ದು ಕುಡುದ್ ಮೇಲೆ ಕಿವಿ ಗುಂಯ್ ಅಂತದೆ ಅಂದ್ಲಾ?"

"ಇಲ್ಲ ಕಣವ್ವ. ಕಯಿ ಮಾತ್ರ ಬೋ ಕಯಿ."

ಕ್ವಿನೈನ್ ಮೈಗೆ ಹತ್ತಿದರೆ ಕಿವಿ ಗುಂಯ್ಗುಡುತ್ತದೆ. ಬೆಂಚಿನವರು ದಿನವೂ ಅದನ್ನೇ ದೂರುತ್ತಿದ್ದರು. ನರ್ಸಮ್ಮ ಜಗಲಿಯ ಉದ್ದಕ್ಕೂ ಅದೇ ಪ್ರಶ್ನೆ ಕೇಳುತ್ತ ಹೋದರು. ಒಬ್ಬರ ಕಿವಿಯೂ ಗುಂಯ್ ಎಂದಿರಲಿಲ್ಲ.

ನೇರ ನಮ್ಮ ಮದ್ದಿನ ಕೋಣೆಗೆ ಬಂದು, ಹಿರಿಯರ ಎದುರೇ ನನ್ನನ್ನು ಕೇಳಿದರು. ಎಲ್ಲ ಹೇಳಿಬಿಟ್ಟೆ. ಅವರು ಕೂಗಾಡಲಿಲ್ಲ. ಮೊದಲು ಒಳ್ಳೆಯ ಜಾಡಿಯಿಂದ ಮಗುವಿಗೆ ಅಳತೆಯಷ್ಟು ಕುಡಿಸಿದರು. ಆಮೇಲೆ ಹಿರಿಯರ ಕಡೆ ತಿರುಗಿ, "ಡಾಕ್ಟ್ರ ಹತ್ರ ಹೋಗನ ಬನ್ನಿ. ನಾನೊಬ್ಳೇ ಹೋಗಿ ಯೋಳುದ್ರೆ ಚಾಡಿ ಆಯ್ತದೆ. ನೀವೇ ಯೋಳಿ, ನಾನು ಪಕ್ದಲ್ಲಿ ನಿಂತಿರ್ತೀನಿ" ಎಂದರು.

"ಮದ್ದೇ ಸಾಲ್ದಲ್ಲಮ್ಮ, ನಾನೇನ್ ಮಾಡ್ಲಿ?"

"ಅದ್ನೂ ಯೋಳಿ. ಯಾರ್ಗೆ ಜರ ಜಾಸ್ತಿಯೋ ಅವ್ರಿಗೆ ಮೊದ್ಲು ಕೊಡನ."

ಹಿರಿಯರು ತಲೆ ತಗ್ಗಿಸಿ ಹೋದರು, ಒಂದನ್ನೂ ಮುಚ್ಚಿಡದೆ ಹೇಳಿದರು. ಡಾಕ್ಟರು ಅವರನ್ನು ಮದ್ದಿನ ಕೆಲಸದಿಂದ ಬಿಡಿಸಿ, ಚಾಮರಾಜನಗರಕ್ಕೆ ಆಳು ಕಳಿಸಿ ಕ್ವಿನೈನ್ ತರಿಸಿದರು. ಅನ್ಯಾಯ ಕಂಡು ಮೇಜು ಕುಟ್ಟುವವರನ್ನು ಆಮೇಲೆ ಬೇಕಾದಷ್ಟು ನೋಡಿದ್ದೇನೆ. ತಪ್ಪು ಮಾಡಿದವನ ಪಕ್ಕದಲ್ಲೇ ನಿಂತು ಅವನ ಬಾಯಿಂದಲೇ ಸತ್ಯ ಹೊರಡಿಸಿದವರು ಆಕೆಯೊಬ್ಬರೇ. ಎಂಥ ಹೆಂಗಸು!

ನಾನು ತಪ್ಪಿಸಿಕೊಂಡೆ ಅಂದುಕೊಂಡಿದ್ದೆ. ಮುಂದಿನ ಭಾನುವಾರ ನರ್ಸಮ್ಮ ನನ್ನನ್ನು ಹಂಗಳದ ಬಸ್ಸು ಹತ್ತಿಸಿ ತಾವೂ ಹತ್ತಿದರು. "ಸೀಸೆಗೆ ಉಯ್ದಿದ್ದು ನಿನ್ ಕೈ. ಯೋಳೋದೂ ನಿನ್ ಬಾಯೇ ಆಗ್ಬೇಕು ಕಣಪ್ಪ."

ಮಗು ಅಂಗಳದಲ್ಲಿ ಆಡುತ್ತಿತ್ತು. ತಾಯಿ ಮೊರದಲ್ಲಿ ರಾಗಿ ಹಸನು ಮಾಡುತ್ತಿದ್ದಳು. ನಡೆದದ್ದನ್ನು ಹೇಳಿದೆ. ಶಾಪ ಹಾಕುತ್ತಾಳೆ ಎಂದು ಕಾದೆ. ಅವಳು ಮೊರ ಕೆಳಗಿಟ್ಟು, "ಎರಡ್ನೇ ಸಲ ಬಂದಾಗ ಜಗ್ಲಿ ಮ್ಯಾಲೆ ನನ್ ಪಕ್ದಲ್ಲಿ ಒಬ್ಬ ಅಜ್ಜ ಕೂತಿದ್ದ. ಅವನ್ಗೂ ಯೋಳುದ್ರಾ ಸಾಮಿ?" ಎಂದಳು.

ನನಗೆ ಅಜ್ಜನ ಮುಖವೇ ನೆನಪಾಗಲಿಲ್ಲ.

"ಜಗ್ಲಿಯೋರ್ನೆಲ್ಲ ನೆನ್ನೆ ವಿಚಾರುಸ್ದೆ ಕಣವ್ವ" ಎಂದರು ನರ್ಸಮ್ಮ. "ಆ ಅಜ್ಜ ಮಣ್ಣಾಗಿ ಮೂರು ದಿನ ಆಯ್ತಂತೆ."

ಅಲ್ಲಿಂದ ಅಜ್ಜನ ಊರಿಗೆ ನಡೆದೆವು. ಆಸ್ಪತ್ರೆಯವರು ಮನೆತನಕ ಬಂದರಲ್ಲ ಎಂದು ಅವನ ಹೆಂಡತಿ ಗಡಿಬಿಡಿಯಿಂದ ಚಾಪೆ ಹಾಸಿ, ಕುಡಿಯಲು ಒಂದು ಚೆಂಬು ನೀರು ತಂದಿಟ್ಟಳು. ನರ್ಸಮ್ಮ ನನ್ನ ಕಡೆ ನೋಡಲೂ ಇಲ್ಲ. ನೀರು ಮುಟ್ಟದೆ, ಮೊದಲು ವಿಷಯ ಹೇಳಿದೆ.