ಗಂಜಿತೊಟ್ಟಿಗೆ ಹೋಗದ ಮನೆ

ಹೋದ ವಾರ ಮೊಮ್ಮಗಳ ಮದುವೆಗೆ ಸೀರೆ ತೆಗೆಯಲು ಕೊಯಮತ್ತೂರಿನ ಗಾಂಧಿಪುರಂನ ಒಂದು ದೊಡ್ಡ ಅಂಗಡಿಗೆ ಹೋಗಿದ್ದೆವು. ರೇಷ್ಮೆಯನ್ನೆಲ್ಲ ನೋಡಿಯಾದ ಮೇಲೆ, ನನಗೆಂದು ಒಂದು ಹತ್ತಿಸೀರೆ ತೋರಿಸಲು ಮಕ್ಕಳು ಹೇಳಿದರು. ಅಂಗಡಿಯವನು ಇನ್ನೂ ನೀರು ಕಾಣದ ಹೊಸ ಸೀರೆಯೊಂದನ್ನು ಕೊಡವಿ ನನ್ನ ಮುಂದೆ ಹಾಸಿದ. ಅದರ ಮಡಿಕೆಯೊಳಗಿಂದ ಗಂಜಿಯ ವಾಸನೆ ಎದ್ದು ಬಂತು. ಸ್ವಲ್ಪ ಹುಳಿ, ಸ್ವಲ್ಪ ಹಸಿ ಅಕ್ಕಿ... ಎಲ್ಲರೂ ಬಣ್ಣ ನೋಡುತ್ತಿದ್ದರು. ನಾನು ಸೆರಗನ್ನು ಮೂಗಿಗೆ ಹಿಡಿದುಕೊಂಡು ಹಾಗೇ ಕೂತುಬಿಟ್ಟೆ. ಸೀರೆ ಬೇಡವೆಂದು ಹೇಳಿ ಎದ್ದು ಬಂದೆ.

ನಾನು ಮದುವೆಯಾಗಿ ಸೋಮನೂರಿನ ಹತ್ತಿರ ಕನ್ನಡ ಮಾತಾಡುವ ನೇಯ್ಗೆಯವರ ಬೀದಿಗೆ ಬಂದಾಗ ಅಲ್ಲಿ ಇನ್ನೂ ಕೈಮಗ್ಗಗಳೇ ಇದ್ದವು. ನೇಯುವವರು ಕಾಲಿಳಿಸಿ ಕೂರಲು ಮನೆಗೊಂದು ಗುಂಡಿ, ಗುಂಡಿಗೊಂದು ಮಗ್ಗ. ನಮ್ಮ ಮನೆಗೂ ಪಕ್ಕದ ಮನೆಗೂ ನಡುವೆ ಒಂದೇ ಮಣ್ಣಿನ ಗೋಡೆ. ಆ ಗೋಡೆಯ ಆಚೆ ಇದ್ದವರನ್ನು ನಾನು ದೊಡ್ಡ ಮಾವ ಎಂದು ಕರೆಯುತ್ತಿದ್ದೆ. ರಕ್ತಸಂಬಂಧವೇನಿಲ್ಲ. ನಮ್ಮತ್ತೆ ಅವರನ್ನು ಅಣ್ಣ ಎನ್ನುತ್ತಿದ್ದರು, ಅದರಿಂದ ನನಗೆ ಮಾವನಾದರು. ಹೆಂಡತಿ ತೀರಿಕೊಂಡಿದ್ದಳು. ಮದುವೆಯ ವಯಸ್ಸಿಗೆ ಬಂದ ಮಗಳೊಬ್ಬಳು, ಅವರು, ಇಬ್ಬರೇ.

ಮಗ್ಗದ ಹಾಸಿನ ನೂಲಿಗೆ ಗಂಜಿ ಹಾಕುವ ದಿನ ಬೀದಿಗೆ ಬೀದಿಯೇ ಹೊರಗೆ ಬರುತ್ತಿತ್ತು. ನೂಲನ್ನು ಬೀದಿಯುದ್ದಕ್ಕೂ ಎಳೆದು ಕಟ್ಟಿ, ಅಕ್ಕಿ ಗಂಜಿ ಬಳಿದು, ಬಿಸಿಲೇರುವ ಮೊದಲೇ ಕುಂಚದಿಂದ ಉಜ್ಜಿ ಒಣಗಿಸಬೇಕು. ನನಗೆ ಆ ಕೆಲಸ ಬರುತ್ತಿರಲಿಲ್ಲ. ನಮ್ಮಪ್ಪ ಕೊಯಮತ್ತೂರಿನಲ್ಲಿ ಅಂಗಡಿಯೊಂದರ ಗುಮಾಸ್ತ. ನಾನು ಕಾಯಿಸಿದ ಮೊದಲ ಗಂಜಿ ಗಂಟುಗಂಟಾಗಿತ್ತು. ಅತ್ತೆ ನೋಡುವ ಮೊದಲೇ ದೊಡ್ಡ ಮಾವ ಅದನ್ನು ತಮ್ಮ ಪಂಚೆಯ ತುದಿಯಲ್ಲಿ ಸೋಸಿ, ತಮ್ಮ ಗಂಜಿಯನ್ನು ನನ್ನ ಪಾತ್ರೆಗೆ ಸುರಿದು, ಏನೂ ಆಗದವರಂತೆ ಹೋಗಿಬಿಟ್ಟರು. ಆಮೇಲೆ ಎಷ್ಟೋ ದಿನ ನನ್ನನ್ನು ಕಂಡಾಗಲೆಲ್ಲ ಮೀಸೆಯೊಳಗೇ ನಗುತ್ತಿದ್ದರು.

ಐವತ್ತರ ದಶಕ ಶುರುವಾಗಿ ಸ್ವಲ್ಪ ಕಾಲವಷ್ಟೇ. ಬಟ್ಟೆ ಮಾರಾಟವಾಗುವುದು ನಿಂತಿತು. ನೂಲು ಕೊಡುತ್ತಿದ್ದ ಸಾಹುಕಾರ ಮೊದಲು ಕಡಿಮೆ ಕೊಟ್ಟ, ಆಮೇಲೆ ನಾಳೆ ಬಾ ಎಂದ, ಆಮೇಲೆ ಬಾಗಿಲನ್ನೇ ತೆಗೆಯಲಿಲ್ಲ. ಗಂಡಸರು ಬಟ್ಟೆಯ ಗಂಟು ಹೊತ್ತು ಪೇಟೆಗೆ ಹೋಗಿ ಅದೇ ಗಂಟು ಹೊತ್ತು ವಾಪಸು ಬರುತ್ತಿದ್ದರು. ಮಗ್ಗಗಳು ಒಂದೊಂದಾಗಿ ಸುಮ್ಮನಾದವು. ಬೀದಿಯ ಕೊನೆಯಿಂದ ಶುರುವಾಗಿ ನಮ್ಮ ಕಡೆಗೆ ಆ ಮೌನ ನಡೆದು ಬಂದಂತೆ ಇತ್ತು. ಒಂದು ಕುಟುಂಬ ಟೀ ತೋಟದ ಕೆಲಸಕ್ಕೆಂದು ವಾಲ್ಪಾರೈಗೆ ಹೊರಟಿತು. ಅವರ ರುಬ್ಬುಗುಂಡನ್ನು ನಮ್ಮ ಹಿತ್ತಲಲ್ಲಿ ಇಟ್ಟು ಹೋದರು. ತೆಗೆದುಕೊಳ್ಳಲು ಯಾರೂ ಬರಲಿಲ್ಲ.

ಆಗ ಸರ್ಕಾರ ನಮ್ಮೂರಲ್ಲಿ ಗಂಜಿ ಕೇಂದ್ರ ತೆರೆಯಿತು. ಜನ ಅದನ್ನು ಗಂಜಿತೊಟ್ಟಿ ಎಂದು ಕರೆದರು. ತೊಟ್ಟಿ ಎಂದರೆ ದನ ನೀರು ಕುಡಿಯುವುದು. ಆ ಹೆಸರು ಕೇಳಿದರೆ ಹಸಿದವರಿಗೂ ಕಾಲು ಏಳುತ್ತಿರಲಿಲ್ಲ. ಗಂಜಿ ಬೇಕೆನ್ನುವವರು ಊರಿನ ಸರ್ಕಾರಿ ಲೆಕ್ಕ ನೋಡುವ ಮಣಿಯಗಾರನ ಚಾವಡಿಗೆ ಹೋಗಿ, ತಮ್ಮ ಬಾಯಿಂದಲೇ ಕೇಳಿ ಹೆಸರು ಬರೆಸಬೇಕು. ಆಮೇಲೆ ತಾಲೂಕು ಕಚೇರಿಯಿಂದ ಒಬ್ಬರು ಬಂದು ಮಗ್ಗ ನಿಜವಾಗಿ ನಿಂತಿದೆಯೇ ಎಂದು ನೋಡುತ್ತಾರೆ. ನಿಂತಿದ್ದರೆ ಚೀಟಿ. ಅವರು ಬರುವ ದಿನ ನಾನು ಮಗ್ಗದ ಮೇಲಿನ ಧೂಳು ಒರೆಸಲು ಹೋದೆ. ಅತ್ತೆ ಕೈ ಹಿಡಿದರು.

"ಬಲೆ ಕಟ್ಟಿರೋದು ಹಂಗೇ ಇರ್ಲಿ ಮಾ. ಅವ್ರು ನೋಡ್ಲಿ."

ಆ ಅಧಿಕಾರಿ ಬಂದಾಗ ಬೀದಿಯ ಜನವೆಲ್ಲ ತಮ್ಮ ತಮ್ಮ ಬಾಗಿಲಲ್ಲಿ ನಿಂತಿದ್ದರು. ದೊಡ್ಡ ಮಾವನ ಮಗ್ಗ ಮಾತ್ರ ಓಡುತ್ತಿತ್ತು. ಕಟಕ್, ಕಟಕ್. ಅಧಿಕಾರಿ ಅವರ ಬಾಗಿಲ ಮುಂದೆ ನಿಂತು ಕೇಳಿಸಿಕೊಂಡ. ಇಲ್ಲಿ ಮಗ್ಗ ಓಡುತ್ತಿದೆಯಲ್ಲ, ಇವರಿಗೆ ಕಷ್ಟವಿಲ್ಲ ಎಂದು ತಮಿಳಿನಲ್ಲಿ ಹೇಳಿ ಮುಂದಿನ ಮನೆಗೆ ಹೋದ.

ಅವರಿಗೆ ಎಲ್ಲಿಂದಲೋ ನೂಲು ಸಿಕ್ಕಿದೆ ಎಂದುಕೊಂಡೆ. ನಮ್ಮವರನ್ನು ಕೇಳಿದೆ. ನಮ್ಮ ಬೀದಿಗೆ ನೂಲು ಬಂದು ಎಷ್ಟು ಕಾಲವಾಯಿತು ಎಂದು ಅವರು ನನ್ನನ್ನೇ ತಿರುಗಿ ಕೇಳಿದರು. ಆ ಮಧ್ಯಾಹ್ನ ಗೋಡೆಗೆ ಕಿವಿ ಕೊಟ್ಟು ಕೂತೆ. ಲಾಳಿ ಪೆಟ್ಟಿಗೆಗೆ ಬಡಿಯುವ ಸದ್ದು ಇತ್ತು. ಹಲಗೆ ಬಟ್ಟೆಯ ಅಂಚಿಗೆ ಬಿದ್ದಾಗ ಬರುವ ಮೆತ್ತನೆಯ ಧಪ್ಪೆನ್ನುವ ಸದ್ದು ಇರಲಿಲ್ಲ. ಅವರು ನೂಲಿಲ್ಲದ ಬರೀ ಮಗ್ಗ ಹೊಡೆಯುತ್ತಿದ್ದರು. ಅತ್ತೆಗೆ ಹೇಳಿದರೆ, ಅವರು ತಲೆ ಎತ್ತಲಿಲ್ಲ. ಅವರಿಗೆ ಮೊದಲ ದಿನವೇ ಗೊತ್ತಾಗಿತ್ತು.

ನಮ್ಮ ಪಾಲಿನ ಗಂಜಿಯಲ್ಲಿ ಒಂದಿಷ್ಟು ಚೊಂಬಿಗೆ ಹಾಕಿಕೊಂಡು ಹಿತ್ತಲ ಬಾಗಿಲಿಗೆ ಹೋದೆ. ಮಗಳು ಅರ್ಧ ಬಾಗಿಲು ತೆಗೆದಳು. ಮುಖದಲ್ಲಿ ಕಣ್ಣು ಮಾತ್ರ ಉಳಿದಿತ್ತು. ಒಲೆಯ ಮೇಲೆ ಹುರಿದ ಹುಣಸೆ ಬೀಜವಿತ್ತು, ನುಗ್ಗೆಸೊಪ್ಪು ಇತ್ತು, ಬೇರೆ ಏನೂ ಇರಲಿಲ್ಲ. ಅವಳು ಮೆಲ್ಲಗೆ ಹೇಳಿದ ಮೇಲೆ ವಿಷಯ ತಿಳಿಯಿತು. ತಿರುಪ್ಪೂರಿನ ಕಡೆಯ ಒಂದು ನೇಯ್ಗೆಯವರ ಮನೆಯಿಂದ ಅವಳಿಗೆ ಸಂಬಂಧ ಬಂದಿತ್ತು. ಹುಡುಗನ ಸೋದರತ್ತೆ ನಮ್ಮ ಬೀದಿಯ ಮೂಲೆಮನೆಯಲ್ಲೇ ಇದ್ದಳು. ಮಗ್ಗ ನಿಂತರೆ ಅವಳಿಗೆ ಕೇಳಿಸುತ್ತದೆ. ಗಂಜಿಯ ಸಾಲಿನಲ್ಲಿ ನಿಂತರೆ ಕಾಣಿಸುತ್ತದೆ. ಹುಡುಗನ ಕಡೆಯವರು ಬಂದು ಮಾತು ಮುಗಿಸಿ ಹೋಗುವವರೆಗೆ ಮಗ್ಗ ನಿಲ್ಲಬಾರದು ಎಂದು ಅಪ್ಪನ ಹಟ.

ಒಳಗೆ ಮಗ್ಗ ನಿಂತಿತು. ದೊಡ್ಡ ಮಾವ ಗುಂಡಿಯಿಂದ ನನ್ನನ್ನು ಕರೆದರು. ಅವರ ಎದೆಯ ಮೂಳೆಗಳನ್ನು ದೂರದಿಂದಲೇ ಎಣಿಸಬಹುದಿತ್ತು.

"ನಾನೇನೋ ಹೋಗಿ ನಿಂತ್ಕೊಂಬಿಡ್ತೀನಿ ಮಾ, ನನಗೇನು ಮಾನ. ಇವ್ಳನ್ನ ತೊಟ್ಟಿ ಗಂಜಿ ಕುಡ್ದ ಮನೆ ಹುಡ್ಗಿ ಅಂತ ನಾಳೆ ಯಾರೂ ಅನ್ನಕೂಡ್ದು. ಅದೊಂದೇ."

ಚೊಂಬನ್ನು ಮಗಳಿಗೆ ಕೊಡು ಎಂದರು. ತಾವು ಮುಟ್ಟಲಿಲ್ಲ. ಇಷ್ಟು ಮಾತಾಡಿದ್ದಕ್ಕೇ ಅವರಿಗೆ ಉಸಿರು ಹತ್ತಿತ್ತು. ನಾನು ಹಿತ್ತಲು ದಾಟುವ ಮೊದಲೇ ಮತ್ತೆ ಸದ್ದು ಶುರುವಾಯಿತು.

ಅತ್ತೆ ಸುಮ್ಮನೆ ಕೂರುವವರಲ್ಲ. ಮರುದಿನ ತಾವೇ ಚಾವಡಿಗೆ ಹೋಗಿ, ಪಕ್ಕದ ಮನೆಯ ಮಗ್ಗದಲ್ಲಿ ನೂಲಿಲ್ಲ, ಸುಮ್ಮನೆ ಸದ್ದು ಮಾಡುತ್ತಿದ್ದಾರೆ, ಅವರ ಹೆಸರನ್ನೂ ಬರೆದುಕೊಳ್ಳಿ ಎಂದು ಕೇಳಿಕೊಂಡರು. ಮಣಿಯಗಾರ ನಂಬಲಿಲ್ಲವೆಂದಲ್ಲ. ಕೇಳುವವನು ತಾನೇ ಬರಬೇಕು, ಅದು ಸರ್ಕಾರದ ಕಟ್ಟಳೆ ಎಂದ. ಅತ್ತೆ ಬಂದು ಗೋಡೆಯ ಹತ್ತಿರ ಕೂತು ಜೋರಾಗಿ ಹೇಳಿದರು.

"ಅಣ್ಣಾ, ನೀನೇ ಒಂದ್ಸಲ ಬಂದು ಕೇಳ್ಬೇಕಂತೆ. ಕತ್ತಲಾದ್ಮೇಲೆ ಬಾ, ಯಾರೂ ನೋಡಲ್ಲ. ನಾನೂ ಕೂಡ ಬರ್ತೀನಿ."

ಆಚೆ ಮಗ್ಗದ ಸದ್ದು ಮಾತ್ರ ಇನ್ನೂ ಬಿರುಸಾಯಿತು. ಅತ್ತೆ ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡರು.

ಆಮೇಲಿನ ದಿನಗಳು... ನನಗೆ ಅವು ಸರಿಯಾಗಿ ನೆನಪಿಲ್ಲ, ಸದ್ದು ನೆನಪಿದೆ. ಬೆಳಗ್ಗೆ ಎದ್ದರೆ ಮೊದಲು ಅದನ್ನೇ ಕೇಳುತ್ತಿದ್ದೆ. ನಡುವೆ ನಿಂತರೆ ನಾವು ಮೂವರೂ ಮಾಡುತ್ತಿದ್ದ ಕೆಲಸ ಬಿಟ್ಟು ಗೋಡೆಯ ಕಡೆ ನೋಡುತ್ತಿದ್ದೆವು. ಮತ್ತೆ ಶುರುವಾದರೆ ಸಮಾಧಾನವಾಗುತ್ತಿರಲಿಲ್ಲ. ಸಾಲಿನಲ್ಲಿ ನಿಂತು ಗಂಜಿ ಹಾಕಿಸಿಕೊಳ್ಳುವಾಗಲೂ ಅದು ಕಿವಿಯಲ್ಲೇ ಇರುತ್ತಿತ್ತು. ನಾನು ಕೊಂಡೊಯ್ದದ್ದನ್ನು ಮಗಳು ಕುಡಿಯುತ್ತಿದ್ದಳು. ಅಪ್ಪನಿಗೆ ಹೇಳಿ ನೋಡಿದೆ ಅಕ್ಕಾ ಎಂದು ಪ್ರತಿಸಲ ಖಾಲಿ ಚೊಂಬು ಕೊಡುತ್ತಿದ್ದಳು.

ಹುಡುಗನ ಕಡೆಯವರು ಬರುವ ದಿನ ಬಂತು. ಊಟದ ಹೊತ್ತು ಕಳೆದಿತ್ತು, ಬೀದಿ ಬಿಸಿಲಿಗೆ ಸುಡುತ್ತಿತ್ತು. ಎತ್ತಿನ ಗಾಡಿಯೊಂದು ಮೂಲೆಮನೆಯ ಮುಂದೆ ನಿಂತದ್ದು ಕಂಡಿತು. ಪಕ್ಕದಲ್ಲಿ ಮಗ್ಗ ಓಡುತ್ತಲೇ ಇತ್ತು. ಸ್ವಲ್ಪ ಹೊತ್ತು ಕೇಳಿದ ಮೇಲೆ ನನಗೆ ಏನೋ ಸರಿಯಿಲ್ಲ ಅನ್ನಿಸಿತು. ದೊಡ್ಡ ಮಾವನ ಪೆಟ್ಟು ನಿಧಾನ, ಭಾರ. ಇದು ಹಗುರವಾಗಿತ್ತು, ಅವಸರದಲ್ಲಿತ್ತು, ನಡುನಡುವೆ ತಪ್ಪುತ್ತಿತ್ತು. ನಾನು ಹಿತ್ತಲಿನಿಂದ ಓಡಿದೆ.

ಗುಂಡಿಯಲ್ಲಿ ಮಗಳು ಕೂತಿದ್ದಳು. ಇದ್ದ ಒಂದೇ ಒಳ್ಳೆಯ ಸೀರೆ ಉಟ್ಟು ಹೂ ಮುಡಿದಿದ್ದಳು. ದೊಡ್ಡ ಮಾವ ಮಗ್ಗದ ಪಕ್ಕದಲ್ಲಿ ನೆಲದ ಮೇಲೆ, ಕಂಬಕ್ಕೆ ತಲೆ ಆನಿಸಿ ಬಿದ್ದಿದ್ದರು. ಕಣ್ಣು ಅರ್ಧ ತೆರೆದಿತ್ತು. ಕೈ ಮುಟ್ಟಿದೆ, ತಣ್ಣಗಿತ್ತು. ಮೂಗಿನ ಹತ್ತಿರ ಬೆರಳಿಟ್ಟರೆ ಉಸಿರು ಇದೆಯೋ ಇಲ್ಲವೋ ಅನ್ನುವಷ್ಟು ಸಣ್ಣಗೆ ಆಡುತ್ತಿತ್ತು. ಅವಳು ನನ್ನ ಕಡೆ ತಿರುಗಲಿಲ್ಲ. ಕಣ್ಣೀರು ಇಳಿಯುತ್ತಿತ್ತು, ಕೈ ನಿಲ್ಲಲಿಲ್ಲ.

"ಅವ್ರು ಬೀದೀಲಿ ಬರ್ತಾ ಇದ್ದಾರೆ ಅಕ್ಕಾ. ನಿಲ್ಸಬೇಡ ಅಂದ್ರು ಅಪ್ಪ."

ನಾನು ಅತ್ತೆಯನ್ನು ಕೂಗುವಷ್ಟರಲ್ಲಿ ಮುಂಬಾಗಿಲು ಕತ್ತಲಾಯಿತು. ಹುಡುಗನ ತಾಯಿ, ಅವಳ ಅಣ್ಣ, ಅವರ ಹಿಂದೆ ಮೂಲೆಮನೆಯ ಸೋದರತ್ತೆ. ಎಲ್ಲರೂ ಮಗ್ಗದಲ್ಲಿ ಹುಟ್ಟಿ ಬೆಳೆದವರೇ. ಒಂದು ನೋಟ ಸಾಕಾಯಿತು. ಎಳೆಯಿಲ್ಲದ ಮಗ್ಗ, ಅದನ್ನು ಹೊಡೆಯುತ್ತಿರುವ ಹುಡುಗಿ, ನೆಲದಲ್ಲಿ ಬಿದ್ದ ಮನುಷ್ಯ. ಹುಡುಗಿ ತಲೆ ಬಗ್ಗಿಸಿಕೊಂಡು ಹೊಡೆಯುತ್ತಲೇ ಇದ್ದಳು. ಕೊನೆಗೆ ಹುಡುಗನ ತಾಯಿ ಗುಂಡಿಯ ಪಕ್ಕ ಕೂತು ಅವಳ ಕೈಯನ್ನು ಗಟ್ಟಿಯಾಗಿ ಹಿಡಿದಳು.

"ಸಾಕು, ನಿಲ್ಸು ಮಗಳೇ. ನಮ್ಮನೇಲೂ ಮಗ್ಗ ಓಡ್ತಾ ಇಲ್ಲ. ನಾವೂ ತೊಟ್ಟಿ ಗಂಜಿ ಕುಡ್ದೇ ಗಾಡಿ ಹತ್ತಿದ್ದು."

ಮಗ್ಗ ನಿಂತಿತು. ಸೋದರತ್ತೆ ಗೋಡೆಯ ಕಡೆ ಮುಖ ತಿರುಗಿಸಿದಳು. ತನ್ನ ತವರಿನಲ್ಲೂ ಮಗ್ಗ ನಿಂತಿದೆಯೆಂದು ಅವಳೂ ಬೀದಿಯಲ್ಲಿ ಯಾರಿಗೂ ಹೇಳಿರಲಿಲ್ಲ.

ಅತ್ತೆ ಗಂಜಿ ತಂದರು. ದೊಡ್ಡ ಮಾವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ತೊಟ್ಟುತೊಟ್ಟಾಗಿ ಬಿಟ್ಟರು. ಅದು ಒಳಗೆ ಹೋಗಲಿಲ್ಲ, ತುಟಿಯ ಅಂಚಿನಿಂದ ಇಳಿದು ಅತ್ತೆಯ ಸೀರೆಗೆ ಸೇರಿತು. ನಮ್ಮವರು ವೈದ್ಯರನ್ನು ಕರೆತರಲು ಓಡಿದರು. ಅವರು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ದೀಪ ಹಚ್ಚುವ ಹೊತ್ತು ಆಗಿತ್ತಷ್ಟೆ.

ಹುಡುಗನ ತಾಯಿ ಮಾತಿಗೆ ತಪ್ಪಲಿಲ್ಲ. ಸೂತಕ ಕಳೆದ ಮೇಲೆ ಬಂದು, ದೇವಸ್ಥಾನದಲ್ಲಿ ತಾಳಿ ಕಟ್ಟಿಸಿ ಕರೆದುಕೊಂಡು ಹೋದಳು. ಹೊರಡುವಾಗ ಹುಡುಗಿ ತಮ್ಮ ಮನೆಯೊಳಗೆ ಹೋಗಿ ಒಮ್ಮೆ ನಿಂತು ಬಂದಳು, ಅಷ್ಟೆ. ಮುಂದೆ ನೂಲು ಸ್ವಲ್ಪ ಸ್ವಲ್ಪವಾಗಿ ಬಂತು. ಗಂಜಿಯ ಒಲೆ ಆರಿತು. ಜನ ಆ ಮಾತನ್ನು ಆಡುವುದನ್ನೇ ಬಿಟ್ಟರು.

ಮದುವೆ ಮುಂಜಿಗಳಲ್ಲಿ ಅವಳು ಸಿಗುತ್ತಿದ್ದಳು. ಇಬ್ಬರು ಗಂಡು ಮಕ್ಕಳ ತಾಯಿಯಾಗಿ, ದಪ್ಪಗಾಗಿ, ಚೆನ್ನಾಗಿಯೇ ಇದ್ದಳು. ಆ ದಿನದ ಬಗ್ಗೆ ನಾವು ಆಡಿದ್ದು ಒಂದೇ ಸಲ. ಊಟಕ್ಕೆ ಪಕ್ಕಪಕ್ಕ ಕೂತಿದ್ದೆವು. ಎಲೆಗೆ ಅನ್ನ ಬಿದ್ದ ಮೇಲೆ, ನನ್ನ ಕಡೆ ನೋಡದೆ ಕೇಳಿದಳು.

"ತಾವೂ ತೊಟ್ಟಿ ಗಂಜಿ ಕುಡ್ದೇ ಬಂದಿದ್ದು ಅಂತ ನಮ್ಮತ್ತೆ ಆವತ್ತು ಅಂದಿದ್ದು ಅಪ್ಪನಿಗೆ ಕೇಳಿಸ್ತಾ ಅಕ್ಕಾ?"

ನನಗೆ ಗೊತ್ತಿರಲಿಲ್ಲ. ಇವತ್ತಿಗೂ ಗೊತ್ತಿಲ್ಲ. ಕೇಳಿಸಿತು, ಕಣ್ಣು ಅಲ್ಲಾಡಿತು, ನಾನು ನೋಡಿದೆ ಎಂದೆ. ಅವಳು ತಲೆ ಆಡಿಸಿ ಅನ್ನ ಕಲಸಿಕೊಂಡಳು. ಈಗ ಅವಳೂ ಇಲ್ಲ. ಅತ್ತೆ, ನಮ್ಮವರು, ಆ ಬೀದಿಯ ಹಳಬರು... ಯಾರೂ ಇಲ್ಲ.

ಅಂಗಡಿಯಿಂದ ಬಂದ ಮೇಲೆ ಮನಸ್ಸು ತಡೆಯಲಿಲ್ಲ. ಮಗನಿಗೆ ಹೇಳಿ ಕಾರಿನಲ್ಲಿ ಆ ಬೀದಿಗೆ ಹೋಗಿ ಬಂದೆ. ನಮ್ಮ ಮನೆ, ಅವರ ಮನೆ ಎರಡನ್ನೂ ಸೇರಿಸಿ ತಗಡಿನ ದೊಡ್ಡ ಶೆಡ್ಡು ಕಟ್ಟಿದ್ದಾರೆ. ಒಳಗೆ ಕರೆಂಟಿನ ಮಗ್ಗಗಳು ಒಟ್ಟಿಗೆ ಹೊಡೆಯುತ್ತಿದ್ದವು. ಶೆಡ್ಡಿನ ಯಜಮಾನ ನನ್ನನ್ನು ಕಂಡು ಹೊರಗೆ ಬಂದು, ಯಾರು ಬೇಕು ಎಂದು ತಮಿಳಿನಲ್ಲಿ ಕೇಳಿದ. ಇಲ್ಲಿ ಒಬ್ಬರು ಇದ್ದರು ಎಂದೆ. ಆ ಸದ್ದಿನಲ್ಲಿ ಅವನಿಗೆ ಕೇಳಿಸಲಿಲ್ಲ. ಕಿವಿಗೆ ಕೈ ಹಿಡಿದು ಬಗ್ಗಿ ಮತ್ತೆ ಕೇಳಿದ. ಏನೂ ಇಲ್ಲವೆಂದು ಕೈಯಾಡಿಸಿ, ಕಾರಿನ ಕಡೆಗೆ ನಡೆದೆ.