ಬಿಚ್ಚಿಕೊಳ್ಳುವ ಗೋಡೆ

ಕುಮಟೆಯಲ್ಲಿ ಹೆದ್ದಾರಿ ಅಗಲ ಮಾಡುವಾಗ ನಮ್ಮ ಮನೆಯ ಮುಂದಿನ ಅರ್ಧ ಹೋಯಿತು. ಉಳಿದರ್ಧಕ್ಕೆ ಗೋಡೆ ಕಟ್ಟಲು ಬಂದ ಗೌಂಡಿ ಮೊದಲ ದಿನ ಕರಣೆ ಮುಟ್ಟಲೇ ಇಲ್ಲ. ಕೆಡವಿದ ರಾಶಿಯ ಮೇಲೆ ಕುಕ್ಕರುಗಾಲಿನಲ್ಲಿ ಕೂತು, ಒಂದೊಂದೇ ಚಿರೆಕಲ್ಲನ್ನು ಬೆರಳ ಗೆಣ್ಣಿನಿಂದ ತಟ್ಟಿ ಕಿವಿಗೊಟ್ಟ. ಎಸೆದುಬಿಡು ಎಂದು ನಾನು ಹೇಳಿದರೆ, "ಕಲ್ಲು ಎಂತ ತಪ್ಪು ಮಾಡಿತು?" ಎನ್ನುತ್ತಿದ್ದ.

ಅಜ್ಜ ಕೆಮ್ಮಣ್ಣು ಕಲಸಿ ಕಟ್ಟಿಸಿದ್ದ ಗೋಡೆಯ ಕಲ್ಲುಗಳು ಇಡಿಯಾಗಿ ಬಿಚ್ಚಿಕೊಂಡಿದ್ದವು. ನಾನು ಸಿಮೆಂಟಿನಲ್ಲಿ ಕಟ್ಟಿಸಿದ್ದ ಜಗಲಿಯ ಕಲ್ಲುಗಳು ಚೂರಾಗಿದ್ದವು.

ಮರುದಿನ ಗೌಂಡಿ ಕೆಮ್ಮಣ್ಣು ಕಲಸುತ್ತಿದ್ದಾಗ, ನಮ್ಮ ಮನೆ ಕೆಲಸ ನೋಡಿಕೊಳ್ಳುತ್ತಿದ್ದ ಇಂಜಿನಿಯರ್ ಬಂದು ಗದರಿದರು: "ಈ ಕಾಲದಲ್ಲಿ ಮಣ್ಣಲ್ಲಿ ಕಟ್ತಾರೇನೋ? ಸಿಮೆಂಟ್ ಹಾಕು."

ಗೌಂಡಿ ಕಲಸಿದ ಮಣ್ಣಿನಿಂದ ಕೈ ತೆಗೆಯಲಿಲ್ಲ. "ಹಾಕೂದಿಲ್ಲ ಸಾಯ್ಬ್ರೆ. ಕಲ್ಲು ಎಂತ ತಪ್ಪು ಮಾಡಿತು?"

ಅವರು ಸಿಟ್ಟಿನಿಂದ ಹೊರಟುಹೋದ ಮೇಲೆ ನನಗೇ ಅಳುಕಾಯಿತು. "ಗಟ್ಟಿ ನಿಲ್ತದಾ?" ಎಂದೆ.

ಶಾಲೆಯಲ್ಲಿ ಕಲಿಸುವ ನನ್ನನ್ನು ಅವನು ಅಕ್ಕೋರೆ ಎಂದೇ ಕರೆಯುತ್ತಿದ್ದ. "ಅಜ್ಜಂದು ಜೆಸಿಬಿ ಬರೂವರೆಗೂ ನಿಂತಿತ್ತಲ್ಲ ಅಕ್ಕೋರೆ?"

ಕಲ್ಲೊಂದನ್ನು ಮಣ್ಣಿನ ಮೇಲೆ ಒತ್ತಿ ಕೂರಿಸಿ, ಹೆದ್ದಾರಿಯ ಕಡೆ ಗದ್ದ ಎತ್ತಿದ. "ಇನ್ನೊಂದ್ಸಲ ಬರ್ಲಿ ಅದು. ಇದನ್ನೇ ಬಿಚ್ಕಂಡು, ನಾಕು ಮಾರು ಹಿಂದೆ ಮತ್ತೆ ಕಟ್ತೆ."