ನಡುಹೊಳೆಯಿಂದ ಬಂದ ಅಕ್ಕ

ನಾನು ಚಿಕ್ಕವನಿದ್ದಾಗ ನನಗೆ ಗೊತ್ತಿದ್ದ ನಡು ಒಂದೇ, ಉಡಿದಾರ ಕಟ್ಟುವ ಜಾಗ. ಚಡ್ಡಿ ಜಾರಿದಾಗಲೆಲ್ಲ ಅವ್ವ ಅದನ್ನು ಮೇಲೆಳೆದು ಆ ದಾರಕ್ಕೆ ಸಿಕ್ಕಿಸುತ್ತಿದ್ದಳು. ಮೊನ್ನೆ ನನ್ನ ಮೊಮ್ಮಗಳು ಶಾಲೆಯ ಪಾಠ ಓದುತ್ತ, "ಅಜ್ಜಾ, ನಡು ಅಂದ್ರ ಮಧ್ಯ, ಹೌದಲ್ಲ?" ಎಂದು ಕೇಳಿದಳು. ಹೌದು ಅಂದೆ. ಅಂದ ಮೇಲೆ ಸುಮ್ಮನಿರಲು ಆಗಲಿಲ್ಲ, ಈ ಕತೆ ಹೇಳಿದೆ. ಆ ಪುಟ್ಟ ಮಾತಿನೊಳಗೆ ಎಷ್ಟೆಲ್ಲ ಹಿಡಿಸುತ್ತದೆ ಎನ್ನುವುದನ್ನು ನಾನು ಒಮ್ಮೆ ಪಂಚಮಿಯ ಮುನ್ನಾದಿನ ಕೃಷ್ಣಾ ಹೊಳೆಯ ದಂಡೆಯಲ್ಲಿ ಕಣ್ಣಾರೆ ನೋಡಿದ್ದೆ.

ನಮ್ಮದು ಮಸ್ಕಿ ಕಡೆಯ ಒಣ ಊರು. ಕಪ್ಪು ಹೊಲ, ಜೋಳ, ಸಜ್ಜೆ, ಮಳೆ ಬಂದಾಗ ಮಾತ್ರ ಹರಿಯುವ ಒಂದು ಹಳ್ಳ. ಅದರಲ್ಲಿ ನಡುಮಟ ನೀರು ಬಂತೆಂದರೆ ಊರಿಗೆ ಊರೇ ನೋಡಲು ಓಡುತ್ತಿತ್ತು. ಇಂಥ ಊರಿನ ಅಪ್ಪ ನಮ್ಮ ಅಕ್ಕನನ್ನು ಲಿಂಗಸುಗೂರು ಕಡೆಯ ಒಂದು ನಡುಗಡ್ಡೆಗೆ ಕೊಟ್ಟಿದ್ದ. ನಡುಗಡ್ಡೆ ಎಂದರೆ ಸುತ್ತಲೂ ಹೊಳೆ, ನಡುವೆ ಊರು. ಆದರೆ ಸಂಬಂಧ ನೋಡಲು ಅಪ್ಪ ಹೋದದ್ದು ಬಿರುಬೇಸಿಗೆಯಲ್ಲಿ. ಆಗ ಹೊಳೆ ಬಂಡೆಗಳ ಸಂದಿಯಲ್ಲಿ ಸಣ್ಣಗೆ ಹರಿಯುತ್ತಿತ್ತಂತೆ. ಧೋತರ ಎತ್ತಿಕಟ್ಟಿ, ಚಪ್ಪಲಿ ಕೈಯಲ್ಲಿ ಹಿಡಿದು ದಾಟಿ ಬಂದ ಅಪ್ಪ, "ಅದೇನು ಹೊಳಿ, ನಮ್ಮ ಹಳ್ಳದಂಗ ಅದ. ಹೊಲ ಮಾತ್ರ ಬಂಗಾರ" ಎಂದು ಅವ್ವನಿಗೆ ಹೇಳಿದ. ಮದುವೆಯೂ ಬೇಸಿಗೆ ಮುಗಿಯುವ ಮೊದಲೇ ಆಗಿಹೋಯಿತು. ಒಣಭೂಮಿಯವರು ಹೊಳೆಯನ್ನು ನೋಡುವ ರೀತಿಯೇ ಹಾಗೆ!

ಶ್ರಾವಣ ಬಂತು. ಹೊಸದಾಗಿ ಮದುವೆಯಾದ ಮಗಳು ಮೊದಲ ಪಂಚಮಿಗೆ ತವರಿಗೆ ಬರಬೇಕು. ಅವಳ ಮನೆಯ ಹೊಸ್ತಿಲಲ್ಲಿ ನಿಂತು ಒಡಹುಟ್ಟಿದವನು ಬಾಯಿಬಿಟ್ಟು ಕರೆಯಬೇಕು. ಅಕ್ಕನಿಗೆ ನಾನೊಬ್ಬನೇ ತಮ್ಮ, ಹಾಗಾಗಿ ಒಮ್ಮೆಲೇ ದೊಡ್ಡ ಮನುಷ್ಯನಾಗಿಬಿಟ್ಟೆ. ಅವ್ವ ನಡುಮನೆಯಲ್ಲಿ ಕೂತು ಉಂಡಿ ಕಟ್ಟಿದಳು. ಬೆಲ್ಲದ ಪಾಕದ ವಾಸನೆ, ಹುರಿದ ಎಳ್ಳಿನ ವಾಸನೆ ಓಣಿಯ ತುದಿವರೆಗೂ ಹೋಗಿತ್ತು. ಬೇವಿನ ಮರಕ್ಕೆ ಜೋಕಾಲಿ ಕಟ್ಟಿಯಾಗಿತ್ತು. "ನಮ್ಮಕ್ಕ ಬರೋತನಕ ಯಾರೂ ಕೂಡಬ್ಯಾಡ್ರಿ" ಎಂದು ಹುಡುಗರಿಗೆ ತಾಕೀತು ಮಾಡಿ ನಾನು ಅಪ್ಪನ ಜೊತೆ ಹೊರಟೆ.

ಲಿಂಗಸುಗೂರಿನವರೆಗೆ ಬಸ್ಸು, ಅಲ್ಲಿಂದ ಯಾರದೋ ಎತ್ತಿನ ಬಂಡಿ, ಆಮೇಲೆ ನಡಿಗೆ. ನಡುಹಗಲ ಹೊತ್ತಿಗೆ, ಹೊಳೆ ಕಾಣುವ ಮೊದಲೇ ಅದರ ಸದ್ದು ಕೇಳಿತು. ಎಲ್ಲೋ ದೊಡ್ಡ ಬೀಸುಕಲ್ಲು ತಿರುಗಿದಂಥ ಸದ್ದು. ದಿಬ್ಬ ಹತ್ತಿ ನೋಡಿದೆ. ಕಾಲು ಅಲ್ಲೇ ನಿಂತುಬಿಟ್ಟಿತು. ಅಬ್ಬಾ, ಎಷ್ಟು ನೀರು! ಕೆಂಪು ನೀರು, ಸುರುಳಿ ಸುತ್ತಿಕೊಂಡು, ನೊರೆ ಎಬ್ಬಿಸಿಕೊಂಡು ಹೋಗುತ್ತಲೇ ಇತ್ತು. ಅಪ್ಪ ಹೇಳಿದ್ದ ಬಂಡೆಗಳಲ್ಲಿ ಒಂದೂ ಕಾಣಲಿಲ್ಲ. ಬೇರುಸಮೇತ ಒಂದು ಜಾಲಿಮರ ತೇಲಿಹೋಯಿತು, ಅದರ ಟೊಂಗೆಯ ಮೇಲೆ ಕೊಕ್ಕರೆಯೊಂದು ಆರಾಮಾಗಿ ಕೂತಿತ್ತು. ದೂರದಲ್ಲಿ, ಆ ನೀರಿನ ನಟ್ಟನಡುವೆ, ಒಂದಿಷ್ಟು ಹಸಿರು ಮತ್ತು ಒಲೆಯ ಹೊಗೆ. ಅದೇ ಅಕ್ಕನ ಊರು.

ಅಪ್ಪ ತಲೆಯ ಮೇಲಿನ ಉಂಡಿ ಬುಟ್ಟಿ ಇಳಿಸಿ ಕೂತ. ಹರಿಗೋಲು ನಡೆಸುವ ತಾತ ತನ್ನ ಹರಿಗೋಲನ್ನು ದಂಡೆಯ ಮೇಲೆ ಬೋರಲು ಹಾಕಿ, ಅದರ ನೆರಳಲ್ಲಿ ಬೀಡಿ ಸೇದುತ್ತಿದ್ದ.

"ಇವತ್ತು ಹಾಕಂಗಿಲ್ರೀ ಯಜಮಾನ್ರ. ನೀರು ಇನ್ನಾ ಏರಾಕತ್ತ್ಯಾವ" ಅಂದ.

"ಇಂಥಾ ಹೊಳ್ಯಾಗ ಮಗಳನ್ನ ಕೊಟ್ಟೀನಲ್ಲೋ ತಾತಾ!" ಅಪ್ಪ ಅಂದ. "ಒಮ್ಮೆ ಕೈಗೆ ಸಿಗಲಿ. ಮನಿಗೆ ಕರ್ಕೊಂಡು ಹೋಗಿ ಮತ್ತ ಕಳಸಂಗೇ ಇಲ್ಲ."

ನನಗೆ ಅಳು ಬಂತು. ಊರಲ್ಲಿದ್ದಾಗ ಅಕ್ಕ ಬಾವಿಗೆ ಇಣುಕಲೂ ಹೆದರುತ್ತಿದ್ದಳು. ನಾನು ಬಾವಿಕಟ್ಟೆ ಹತ್ತಿದರೆ ಚೀರಿಕೊಳ್ಳುತ್ತಿದ್ದಳು. ಅಂಥವಳು ಆ ನೀರಿನ ನಡುವೆ ಹೇಗಿದ್ದಾಳೋ, ಪಂಚಮಿ ಎಂದು ನೆನೆದು ಅಳುತ್ತಿದ್ದಾಳೋ ಏನೋ ಅನ್ನಿಸಿತು.

ತಾತ ನನ್ನ ಕಡೆ ನೋಡಿದ. "ಅಳತಿ ಯಾಕಲೇ ತಮ್ಮಾ? ಕರಿಯಾಕ ಬಂದಿ, ಕರಿ. ಹೊಸ್ತಿಲ ಇಲ್ಲಂದ್ರ ಏನಾತು, ಆ ಬಂಡಿಗಲ್ಲ ಮ್ಯಾಲ ನಿಂತು ಕರಿ."

ನಾನು ಬಂಡೆ ಹತ್ತಿ, ಗಂಟಲು ಹರಿಯುವ ಹಾಗೆ ಕೂಗಿದೆ. "ಅಕ್ಕಾ, ಪಂಚಮಿಗೆ ಬಾ!" ಹೊಳೆ ನನ್ನ ದನಿಯನ್ನು ಅಲ್ಲೇ ನುಂಗಿತು. ಅಪ್ಪ ತನ್ನ ಕೆಂಪು ರುಮಾಲು ಬಿಚ್ಚಿ ಕೊಟ್ಟ. ಅದನ್ನು ಎರಡೂ ಕೈಯಲ್ಲಿ ಹಿಡಿದು ಬೀಸಿದೆ, ರಟ್ಟೆ ಸೋಲುವವರೆಗೂ ಬೀಸಿದೆ.

ಬಹಳ ಹೊತ್ತಿನ ಮೇಲೆ ತಾತ ಎದ್ದು ಹಣೆಗೆ ಕೈ ಹಚ್ಚಿ ನೋಡಿದ. "ಇಳದ್ರು ನೋಡ್ರಿ. ಬಾಳ ಮ್ಯಾಲಿಂದ ಇಳದ್ರು."

ಊರಿನಿಂದ ಎಷ್ಟೋ ಮೇಲೆ, ನೀರಿನಲ್ಲಿ ಎರಡು ಕಪ್ಪು ಚುಕ್ಕಿ. ಹೊಳೆ ಅವನ್ನು ಕೆಳಗೆ ಕೆಳಗೆ ಒಯ್ಯುತ್ತಿತ್ತು. ಆದರೂ ಅವು ಸ್ವಲ್ಪ ಸ್ವಲ್ಪವೇ ನಮ್ಮ ದಂಡೆಯ ಕಡೆ ಸರಿಯುತ್ತಿದ್ದವು. "ಹೊಳಿ ಕೂಡ ಜಗಳ ಆಡಬಾರದು. ಅದು ಒಯ್ದಂಗ ಹೋಗಬೇಕು, ಹೋಗ್ತಾ ಹೋಗ್ತಾ ದಂಡಿಗೆ ಸರೀಬೇಕು" ಎಂದ ತಾತ. ನಡುಹೊಳೆಯಲ್ಲಿ ಒಂದು ಅಲೆ ಎದ್ದು ಚುಕ್ಕಿಗಳೆರಡೂ ಮಾಯವಾದವು. ಅಪ್ಪ "ಶಿವನೇ" ಅಂದ. ಮತ್ತೆ ಒಂದು ತಲೆ ಕಂಡಿತು, ಆಮೇಲೆ ಇನ್ನೊಂದು.

ನಾವು ಮೂವರೂ ದಂಡೆಗುಂಟ ಕೆಳಕ್ಕೆ ಓಡಿದೆವು. ನೀರಿನಿಂದ ಎದ್ದು ನಿಂತವಳು ನಮ್ಮಕ್ಕ! ಸೀರೆ ಕಚ್ಚೆ ಹಾಕಿದ್ದಳು. ನಡುವಿಗೆ ಹಗ್ಗ, ಹಗ್ಗಕ್ಕೆ ಒಣಗಿದ ದೊಡ್ಡ ದೊಡ್ಡ ಸೋರೆಬುರುಡೆ. ಅವೇ ಅವಳನ್ನು ತೇಲಿಸಿ ತಂದಿದ್ದವು. ಮುಂದೆ ಬಾಯಿ ಕಟ್ಟಿದ ಒಂದು ಗಡಿಗೆ ತೇಲುತ್ತಿತ್ತು. ಹಿಂದೆ ಕಾವಲಿಗೆ, ಅವಳಿಗೆ ಈಜು ಕಲಿಸಿದ ಮಾವ ಈಜಿ ಬಂದಿದ್ದರು. ಅಕ್ಕ ನಡುಮಟ ನೀರಿನಲ್ಲಿ ನಿಂತು ನಗುತ್ತಿದ್ದಳು. ತುಂಬಿದ ಹಳ್ಳ ದಾಟಲು ಹಿಂದೆಮುಂದೆ ನೋಡುತ್ತಿದ್ದ ಅಪ್ಪ ಸೀದಾ ನೀರಿಗೆ ಇಳಿದುಬಿಟ್ಟ, ನಡುವಿನವರೆಗೆ. ಕಾಲು ಜಾರಿತು. ಅಕ್ಕನೇ ಅವನ ಕೈ ಹಿಡಿದು ದಂಡೆಗೆ ತಂದಳು.

"ನೀ ರುಮಾಲು ಬೀಸಿದ್ದು ಕಾಣಸ್ತಲೇ ತಮ್ಮಾ. ನೀ ಕರದ ಮ್ಯಾಲ ಬರದಂಗ ಇರಾಕ ಆಗತೈತೇನು?" ಎಂದು ನನ್ನ ತಲೆ ಸವರಿದಳು. ಗಡಿಗೆಯಲ್ಲಿ ಅವಳ ಒಣ ಸೀರೆ, ನನಗೆಂದು ಅವಳ ಅತ್ತೆ ಕಟ್ಟಿಕೊಟ್ಟ ಉಂಡಿ. ಒಂದು ಹನಿ ನೀರೂ ತಾಗಿರಲಿಲ್ಲ. ನಾನು ಉಂಡಿ ಬಾಯಿಗೆ ಹಾಕಿಕೊಂಡು ಅವಳನ್ನೇ ನೋಡುತ್ತಿದ್ದೆ. ಬಾವಿಗೆ ಹೆದರುತ್ತಿದ್ದ ಅಕ್ಕ ಇವಳೇ ಏನು ಎಂದು ನಂಬಿಕೆ ಬರಲಿಲ್ಲ.

ಪಂಚಮಿ ಮುಗಿದು ಜೋಕಾಲಿ ಬಿಚ್ಚಿದ ದಿನ ಅಪ್ಪ ಅಕ್ಕನಿಗೆ, "ಹೊಳಿ ನಡು ನೀ ಇರಾದು ಬ್ಯಾಡವ್ವಾ. ಇಲ್ಲೇ ಇದ್ದುಬಿಡು" ಅಂದ. ಅಕ್ಕ ಉಂಡಿ ಗಂಟು ಕಟ್ಟುತ್ತಲೇ ಹೇಳಿದಳು, "ನಿನಗ ಅದು ಹೊಳಿ ನಡುವಿನ ಊರು ಯಪ್ಪಾ. ನನಗ ನಮ್ಮೂರು." ಅಪ್ಪ ಅವಳನ್ನು ಬಿಡಲು ತಾನೇ ಹೋದ. ಅಷ್ಟರಲ್ಲಿ ನೀರು ಇಳಿದು ಹರಿಗೋಲು ಹಾಕಿದ್ದರು. ಅಕ್ಕ ಎಷ್ಟು ನಕ್ಕರೂ ಅಪ್ಪ ಮಾತ್ರ ದಂಡೆ ಮುಟ್ಟುವತನಕ ಒಂದು ಸೋರೆಬುರುಡೆಯನ್ನು ತೊಡೆಯ ಮೇಲೆ ಅಪ್ಪಿಕೊಂಡೇ ಕೂತಿದ್ದನಂತೆ.

ಈಗ ನಾವಿರುವುದು ಸಿಂಧನೂರಿನಲ್ಲಿ. ಕಾಲುವೆ ನೀರು ಗದ್ದೆಗೆ ಬರುತ್ತದೆ, ನಳದ ನೀರು ಮನೆಗೆ ಬರುತ್ತದೆ. ನನ್ನ ಮೊಮ್ಮಕ್ಕಳಿಗೆ ಆ ನಳದ ಮೇಲೆ ಸಿಟ್ಟು, ಸ್ನಾನ ಮಾಡಬೇಕಲ್ಲ! ಅಕ್ಕನ ಊರನ್ನು ಅವರು ಫೋನಿನ ನಕಾಶೆಯಲ್ಲಿ ತೆಗೆದು, ಎರಡು ಬೆರಳಿನಿಂದ ಹಿಗ್ಗಿಸಿ ತೋರಿಸುತ್ತಾರೆ. ನೀಲಿ ಪಟ್ಟಿಯ ನಡುವೆ ಒಂದು ಹಸಿರು ಕಾಳು. ನಾನು ಆ ನೀಲಿಯ ಮೇಲೆ ಬೆರಳಿಟ್ಟು, ಅಕ್ಕನ ತಲೆ ಮಾಯವಾಗಿ ಮತ್ತೆ ಕಂಡ ಜಾಗ ಯಾವುದಿರಬಹುದು ಎಂದು ಹುಡುಕುತ್ತೇನೆ.

ಪಂಚಮಿಗೆ ಕರೆಯುವುದನ್ನು ನಾನು ಇನ್ನೂ ಬಿಟ್ಟಿಲ್ಲ. ಅಂದು ಗಂಟಲು ಹರಿದುಕೊಂಡರೂ ಮುಟ್ಟದ ದನಿ ಈಗ ಫೋನಿನಲ್ಲಿ ಮೆಲ್ಲಗೆ ಅಂದರೂ ಮುಟ್ಟುತ್ತದೆ. ಈ ಸಲ ಅಕ್ಕ ಫೋನಿನ ಪರದೆಯಲ್ಲಿ ನಕ್ಕು, "ನಡು ಬಗ್ಗ್ಯಾದೋ ತಮ್ಮಾ, ನನಗ ಬರಾಕ ಆಗಂಗಿಲ್ಲ. ನಾ ಕರಿಯಾಕತ್ತೀನಿ, ನೀನ ಬಾ. ಹುಡುಗುರನ್ನೂ ಕರ್ಕೊಂಡು ಬಾ" ಅಂದಳು. ಅವಳ ಹಿಂದೆ, ನಡುಮನೆಯ ಗೂಟಕ್ಕೆ, ಆ ಸೋರೆಬುರುಡೆಗಳು ಹಾಗೇ ತೂಗುತ್ತಿದ್ದವು.

ಮೊಮ್ಮಗಳು ಅವನ್ನೇ ನೋಡುತ್ತಿದ್ದಳು. ಆಮೇಲೆ ಎರಡೂ ಕೈಯಿಂದ ತನ್ನ ನಡು ಹಿಡಿದು ಅಳತೆ ಮಾಡಿಕೊಂಡು ಕೇಳಿದಳು:

"ಅಜ್ಜಾ, ನನಗ ಎಷ್ಟು ಬುರುಡಿ ಬೇಕಾಗ್ತಾವ?"